ಮನೆಪಕ್ಕದ ಹಸಿರುಮನೆಯಲ್ಲಿ ವೆನಿಲ್ಲಾ: ಕಾಸರಗೋಡಿನ ಮಳೆಗೂ ಸೆಕೆಗೂ ಒಗ್ಗುವ ಕ್ರಮ

ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಓದುಗರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಡಿಕೆ ತೋಟದಲ್ಲಿ ಬಿಟ್ಟ ವೆನಿಲ್ಲಾ ಬಳ್ಳಿ ಆಟಿಯ ಮಳೆಗೆ ಬುಡ ಕೊಳೆತು ಹೋಗುತ್ತದೆ, ಉಳಿದ ಬಳ್ಳಿ ಸೊಂಪಾಗಿ ಹಬ್ಬಿದರೂ ಹೂ ಬಿಡುವುದಿಲ್ಲ. ಮನೆಪಕ್ಕದಲ್ಲಿ ಸಣ್ಣ ಹಸಿರುಮನೆ ಕಟ್ಟಿ ನಾಲ್ಕೆಂಟು ಬಳ್ಳಿ ಸಾಕಬಹುದೇ?

ಖಂಡಿತ ಸಾಕಬಹುದು. ಆದರೆ ಮೊದಲೇ ಒಂದು ವಿಷಯ ಮನಸ್ಸಿನಲ್ಲಿರಲಿ. ಚಳಿಯ ದೇಶದವರು ಹಸಿರುಮನೆ ಕಟ್ಟುವುದು ಒಳಗಿನ ಬಿಸಿ ಹೊರಗೆ ಹೋಗಬಾರದೆಂದು. ನಮಗೆ ಬಿಸಿಗೂ ಕೊರತೆ ಇಲ್ಲ, ಗಾಳಿಯ ತೇವಕ್ಕೂ ಕೊರತೆ ಇಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇಲ್ಲಿ ಹಸಿರುಮನೆ ಎಂದರೆ ಬಳ್ಳಿಗೆ ಹಿಡಿದ ಕೊಡೆ, ಅಷ್ಟೆ. ತಲೆಯ ಮೇಲೆ ಮಾಡು ಬೇಕು, ನಾಲ್ಕೂ ಬದಿಯಿಂದ ಗಾಳಿ ಆಡಬೇಕು. ಸುತ್ತಲೂ ಪ್ಲಾಸ್ಟಿಕ್ ಮುಚ್ಚಿದವರ ಬಳ್ಳಿ ತೋಟದ ಬಳ್ಳಿಗಿಂತ ಬೇಗ ಕೊಳೆಯುತ್ತದೆ.

ವೆನಿಲ್ಲಾ ಮೆಕ್ಸಿಕೋ ಮೂಲದ ಆರ್ಕಿಡ್, ಅಂದರೆ ಸೀತಾಳೆ ಹೂವಿನ ಬಳಗದ ಬಳ್ಳಿ. ನಾಟಿ ಮಾಡಿದ ಮೂರನೇ ವರ್ಷಕ್ಕೆ ಹೂ, ಹೂವಾಗಿ ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಕೋಡು, ಕೋಡು ಕೊಯ್ದ ಮೇಲೆ ಪರಿಮಳ ಬರಲು ಮತ್ತೆ ನಾಲ್ಕೈದು ತಿಂಗಳು. 2003ರ ಸುಮಾರಿಗೆ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಗಳಲ್ಲಿ ಏರಿತ್ತು, ಒಂದೆರಡು ವರ್ಷದಲ್ಲೇ ನೆಲ ಕಚ್ಚಿತು. ಅದನ್ನು ನೆನೆದು ಲೆಕ್ಕ ಹಾಕುವವರಿಗೆ ಈ ಲೇಖನ ಉಪಯೋಗಕ್ಕೆ ಬಾರದು. ಚೆನ್ನಾಗಿ ಸಾಕಿದ ಒಂದು ಬಳ್ಳಿಯಲ್ಲಿ ವರ್ಷಕ್ಕೆ ಸುಮಾರು 40 ಕೋಡು ನಿಲ್ಲಿಸಬಹುದು. ಹಸಿಯಾಗಿ 600ರಿಂದ 800 ಗ್ರಾಂ ತೂಗುವ ಅದು ಹದವಾಗಿ ಒಣಗಿದಾಗ ಆರರಲ್ಲಿ ಒಂದು ಪಾಲು ಉಳಿಯುತ್ತದೆ. ಮನೆಯ ಪಾಯಸಕ್ಕೆ, ಐಸ್‌ಕ್ರೀಮಿಗೆ, ನಾಲ್ಕು ಜನರಿಗೆ ಹಂಚುವುದಕ್ಕೆ ಧಾರಾಳ ಸಾಕು.

1. ಜಾಗ

ಬೆಳಗ್ಗಿನ ಬಿಸಿಲು ಬೀಳುವ, ಮಧ್ಯಾಹ್ನದ ನಂತರ ಮನೆಯದೋ ಮರದ್ದೋ ನೆರಳು ಬರುವ ಜಾಗ ಒಳ್ಳೆಯದು. ಮಳೆನೀರು ಹರಿದುಹೋಗುವಂತೆ ಸ್ವಲ್ಪ ಇಳಿಜಾರಿರಲಿ. ತೆಂಗಿನ ಮರದ ಅಡಿ ಬೇಡವೇ ಬೇಡ. ಒಂದು ಮಡಲು ಬಿದ್ದರೆ ಶೀಟು ಹರಿಯುತ್ತದೆ, ಒಂದು ಕಾಯಿ ಬಿದ್ದರೆ ಪೈಪೇ ಬಾಗುತ್ತದೆ. ಅಡಿಕೆ ಮರವೂ ಹತ್ತಡಿ ದೂರವಿದ್ದರೆ ಕ್ಷೇಮ.

2. ಚೌಕಟ್ಟು ಮತ್ತು ಮಾಡು

ಎಂಟು ಬಳ್ಳಿಗೆ 10 ಅಡಿ ಅಗಲ, 15 ಅಡಿ ಉದ್ದದ ಮನೆ ಸಾಕು. ಅಂಚಿನಲ್ಲಿ 8 ಅಡಿ, ನಡುವೆ 11 ಅಡಿ ಎತ್ತರ. ಒಂದೂವರೆ ಇಂಚಿನ ಜಿಐ ಪೈಪು ಉತ್ತಮ. ಅಡಿಕೆ ಮರದ ಕಂಬವೂ ಆದೀತು, ಆದರೆ ಮಣ್ಣಿಗೆ ತಾಗುವ ಬುಡ ಎರಡು ಮಳೆಗಾಲಕ್ಕೆ ಕುಂಬಾಗುತ್ತದೆ. ಬಳ್ಳಿ ಹೂ ಬಿಡುವ ವರ್ಷಕ್ಕೇ ಮನೆ ಬೀಳುವಂತಾಗಬಾರದು.

ಮಾಡಿಗೆ 200 ಮೈಕ್ರಾನ್ ದಪ್ಪದ, ಯುವಿ ನಿರೋಧಕ ಎಂದು ಬರೆದಿರುವ ಪಾಲಿಥೀನ್ ಶೀಟು ಬೇಕು. ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗ ಹುಡಿಯಾಗದಂತೆ ತಯಾರಿಸಿದ ಶೀಟು ಅದು. ಅಡಿಕೆ ಒಣಗಿಸುವಾಗ ಹೊದಿಸುವ ಸಾಧಾರಣ ಶೀಟು ಒಂದೇ ಬೇಸಗೆಗೆ ಪುಡಿಪುಡಿಯಾಗುತ್ತದೆ. ಅಂಚಿನಿಂದ ಎರಡು ಅಡಿ ಹೊರಗೆ ಚಾಚಲಿ, ಇಲ್ಲದಿದ್ದರೆ ಪಡುವಣ ಗಾಳಿಗೆ ಎರಚಲು ಒಳಗೆ ಬರುತ್ತದೆ. ಶೀಟಿಗೆ ಮೊಳೆ ಹೊಡೆಯಬೇಡಿ. ಅಲ್ಯೂಮಿನಿಯಂ ಪಟ್ಟಿಯ ಚಡಿಯೊಳಗೆ ಸ್ಪ್ರಿಂಗ್ ತಂತಿ ಕೂರಿಸಿ ಬಿಗಿಯಬೇಕು. ಮೊಳೆಯ ತೂತಿನಿಂದಲೇ ಹರಿಯಲು ಶುರುವಾಗುವುದು.

ನಡು ಮಾಡಿನಲ್ಲಿ ಬಿಸಿಗಾಳಿ ಹೊರಹೋಗಲು ಒಂದಡಿ ಸಂದು ಬಿಟ್ಟು, ಅದರ ಮೇಲೆ ಟೊಪ್ಪಿಯಂತೆ ಸಣ್ಣ ಮಾಡು ಕೊಡಿ. ನಾಲ್ಕೂ ಬದಿಗೆ 50 ಶೇಕಡಾದ ಶೇಡ್‌ನೆಟ್ ಸಾಕು, ಪ್ಲಾಸ್ಟಿಕ್ ಬೇಡ. ಮಾಡಿಗೂ ಅದೇ ನೆಟ್, ಶೀಟಿನ ಮೇಲ್ಭಾಗದಲ್ಲಿ ಅರ್ಧ ಅಡಿ ಅಂತರ ಬಿಟ್ಟು ಕಟ್ಟಬೇಕು. ಶೀಟಿನ ಅಡಿಗೆ ಕಟ್ಟಿದರೆ ಬೆಳಕು ಕಡಿಮೆಯಾಗುತ್ತದೆಯೇ ವಿನಾ ಸೆಕೆ ಕಡಿಮೆಯಾಗುವುದಿಲ್ಲ. ನೆಟ್ ಸುತ್ತಿ ಬಿಚ್ಚುವಂತಿರಲಿ. ಜೂನ್ ನಡುವಿನಲ್ಲಿ ಮೋಡ ಕವಿದ ಮೇಲೆ ಸುತ್ತಿಡಿ, ಆಗಸ್ಟ್ ಕೊನೆಗೆ ಬಿಸಿಲು ಇಣುಕುವ ಮೊದಲೇ ಹಾಸಿ. ಮಂಕು ಬೆಳಕಿನಲ್ಲಿ ಬಂದ ಎಲೆ ಒಂದೇ ದಿನದ ಬಿಸಿಲಿಗೆ ಬಿಳುಚಿ ಸುಟ್ಟಂತಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಳಗೆ 35 ಡಿಗ್ರಿ ದಾಟುವುದಾದರೆ ನೆಟ್ ಮೇಲೆ ನಾಲ್ಕು ಮಡಲು ಹಾಸಿ.

ಇಷ್ಟೂ ಕೆಲಸ ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮುಗಿದರೆ ಮೊದಲ ಮಳೆಯಲ್ಲೇ ಎಲ್ಲಿ ಸೋರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಬಳ್ಳಿ ನೆಡಲು ಇನ್ನೂ ಮೂರು ತಿಂಗಳು ಇರುತ್ತದೆ.

3. ಏರಿ ಮತ್ತು ಮಣ್ಣು

ವೆನಿಲ್ಲಾದ ಬೇರು ಆಳಕ್ಕೆ ಇಳಿಯುವುದಿಲ್ಲ. ಮೇಲಿನ ನಾಲ್ಕೈದು ಇಂಚಿನ ಕಳಿತ ಎಲೆಯಲ್ಲೇ ಹರಡುತ್ತದೆ. ಹಾಗಾಗಿ ಗುಂಡಿ ತೆಗೆಯಬೇಡಿ, ಏರಿ ಕಟ್ಟಿ. ಮುರಕಲ್ಲು ಒಂದು ಸಾಲು ಇಟ್ಟು 12 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರದ ಎರಡು ಏರಿ ಮಾಡಿ. ನಡುವೆ 3 ಅಡಿ ದಾರಿ, ಹಿಂಬದಿಗೆ ಒಂದೂವರೆ ಅಡಿ. ಹಿಂಬದಿಯ ಜಾಗ ದಂಡ ಎಂದು ಕಂಡೀತು. ಹೂವಿನ ಕಾಲದಲ್ಲಿ ಬಳ್ಳಿಯ ಎರಡೂ ಬದಿಗೆ ಕೈ ಎಟುಕಲೇಬೇಕು.

ಕೆಳಗೆ ನಾಲ್ಕು ಇಂಚು ಮುರಕಲ್ಲಿನ ಚೂರು ಅಥವಾ ಒಡೆದ ಹಂಚು. ಅದರ ಮೇಲೆ ಮೂರು ಪಾಲು ಕಳಿತ ಸೊಪ್ಪುಗೊಬ್ಬರ, ಒಂದು ಪಾಲು ತೆಂಗಿನ ಸಿಪ್ಪೆಯ ತುಂಡು, ಒಂದು ಪಾಲು ಮೇಲ್ಮಣ್ಣು. ಒಂದು ಏರಿಗೆ 15 ಲೀಟರಿನ ಬಾಲ್ದಿಯಲ್ಲಿ ಸುಮಾರು 30 ಬಾಲ್ದಿ ಬೇಕಾಗುತ್ತದೆ. ನಮ್ಮ ಮುರಮಣ್ಣು ಹುಳಿ ಇರುವುದರಿಂದ ನಾಟಿಗೆ ಹದಿನೈದು ದಿನ ಮೊದಲು ಏರಿಗೆ ಅರ್ಧ ಕಿಲೋ ಸುಣ್ಣದ ಹುಡಿ ಬೆರೆಸಿ. ಸಿಪ್ಪೆ ಹೊಸದಾದರೆ ಹದಿನೈದು ದಿನ ನೀರಲ್ಲಿ ನೆನೆಸಿ, ನಡುನಡುವೆ ಕೆಂಪು ನೀರು ಚೆಲ್ಲಿ. ಆ ಚೊಗರು ಎಳೆ ಬೇರಿಗೆ ಆಗದು. ಹಸಿ ಸೆಗಣಿ, ಅರೆ ಕಳಿತ ಹಟ್ಟಿಗೊಬ್ಬರ ಎರಡೂ ಬೇಡ. ಬುಡ ಕೊಳೆಯುವ ಶಿಲೀಂಧ್ರಕ್ಕೆ ಅದೇ ಹಬ್ಬದೂಟ.

4. ಆಸರೆ

ತೋಟದಲ್ಲಿ ಗೊಬ್ಬರದ ಗಿಡಕ್ಕೆ, ಅಂದರೆ ಗ್ಲಿರಿಸಿಡಿಯಾಕ್ಕೆ, ಹಬ್ಬಿಸುವ ರೂಢಿ ಇದೆ. ಮಾಡಿನ ಒಳಗೆ ಆ ಗಿಡ ಬೆಳೆದು ಶೀಟು ಎತ್ತುತ್ತದೆ, ಆದ್ದರಿಂದ ಕಂಬವೇ ಸರಿ. ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಗೋಣಿ ಸುತ್ತಿ, ಮೇಲೆ ತೆಂಗಿನ ಸಿಪ್ಪೆ ಕಟ್ಟಿ ನೆಡಿ. ಏರಿಗೆ ನಾಲ್ಕು ಕಂಬ, ಮೂರಡಿಗೊಂದು. ನೆಲದಿಂದ ಐದಡಿ ಎತ್ತರದಲ್ಲಿ ಕಂಬದಿಂದ ಕಂಬಕ್ಕೆ ಅಡ್ಡ ಪೈಪು. ಎತ್ತರ ಇದಕ್ಕಿಂತ ಹೆಚ್ಚಾದರೆ ಹೂ ಮುಟ್ಟಲು ಏಣಿ ಬೇಕಾಗುತ್ತದೆ.

5. ಬಳ್ಳಿಯ ತುಂಡು, ನಾಟಿ

ಹಳೆಯ ಅಡಿಕೆ ತೋಟಗಳಲ್ಲಿ ಯಾರೂ ಗಮನಿಸದೆ ಬಿಟ್ಟ ವೆನಿಲ್ಲಾ ಇನ್ನೂ ಹಬ್ಬಿಕೊಂಡಿರುತ್ತದೆ. ಅಲ್ಲಿಂದ ತುಂಡು ತರುವುದಾದರೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರಿನ ತೇಪೆ ಇದ್ದರೆ, ಅಂಚು ಸುರುಟಿದ್ದರೆ ಅದು ವೈರಸ್ ತಗಲಿದ ಬಳ್ಳಿ. ಮದ್ದಿಲ್ಲ. ಎಷ್ಟೇ ಉದ್ದವಿದ್ದರೂ ಬಿಟ್ಟುಬಿಡಿ.

ಒಂದು ಮೀಟರ್ ಉದ್ದದ, ಹೆಬ್ಬೆರಳಿನಷ್ಟು ದಪ್ಪದ ತುಂಡು ಬೇಕು. ಗೇಣುದ್ದದ ತುಂಡೂ ಬದುಕುತ್ತದೆ, ಹೂ ಮಾತ್ರ ಇನ್ನೂ ಒಂದೆರಡು ವರ್ಷ ತಡ. ಕತ್ತರಿಸುವಾಗ ಒಸರುವ ರಸ ಮೈಗೆ ತಾಗಿದರೆ ತುರಿಸಿ ಗುಳ್ಳೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಚೂರಿಯನ್ನು ಸ್ಪಿರಿಟ್‌ನಲ್ಲಿ ಒರಸಿ.

ಬುಡದ ಮೂರು ನಾಲ್ಕು ಎಲೆ ತೆಗೆದು, ತುಂಡನ್ನು ನೆರಳಲ್ಲಿ ಒಂದು ವಾರ ತೂಗುಹಾಕಿ. ಸ್ವಲ್ಪ ಬಾಡಬೇಕು, ಕಡಿದ ಗಾಯ ಒಣಗಿ ಬೆಂಡಿನಂತಾಗಬೇಕು. ಈ ಒಂದು ವಾರ ಕಾಯುವ ತಾಳ್ಮೆ ಇಲ್ಲದೆ ಅಂದೇ ನೆಟ್ಟ ತುಂಡು ಗಾಯದಿಂದಲೇ ಕೊಳೆಯುತ್ತದೆ. ನೆಡುವ ಮೊದಲು ಲೀಟರಿಗೆ 20 ಗ್ರಾಂನಂತೆ ಸ್ಯೂಡೊಮೊನಾಸ್ ಹುಡಿ ಕದಡಿದ ನೀರಲ್ಲಿ ಅರ್ಧ ಗಂಟೆ ಅದ್ದಿ. ಕೊಳೆರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಬ್ಯಾಕ್ಟೀರಿಯಾ ಅದು. ಎಲ್ಲಿ ಸಿಗುತ್ತದೆಂದು ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ.

ಆಗಸ್ಟ್ ಕೊನೆ, ಸೆಪ್ಟೆಂಬರ್ ನಾಟಿಗೆ ಹದವಾದ ಕಾಲ. ತುಂಡನ್ನು ನೆಟ್ಟಗೆ ಹುಗಿಯುವುದಲ್ಲ, ಏರಿಯ ಮೇಲೆ ಮಲಗಿಸುವುದು. ಎಲೆ ತೆಗೆದ ಮೂರು ನಾಲ್ಕು ಗೆಣ್ಣು ಮಣ್ಣಿಗೆ ತಾಗಿ ಮಲಗಿರಲಿ, ಮೇಲೆ ಒಂದಿಂಚು ತರಗೆಲೆ ಮುಚ್ಚಿ. ಕಡಿದ ತುದಿ ಮಾತ್ರ ಹೊರಗೆ ಗಾಳಿಯಲ್ಲಿರಬೇಕು. ಉಳಿದ ಭಾಗವನ್ನು ಕಂಬಕ್ಕೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಹಗ್ಗ ದಂಟನ್ನು ಕೊಯ್ಯುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಬೇರು ಹಿಡಿದು ಚಿಗುರು ಕಾಣುತ್ತದೆ.

6. ನೀರು, ಗೊಬ್ಬರ, ಮದ್ದು

ಬೇಸಗೆಯಲ್ಲಿ ವಾರಕ್ಕೆ ಎರಡು ಸಲ, ಬಳ್ಳಿಗೆ ಎರಡು ಮೂರು ಲೀಟರ್. ತರಗೆಲೆ ಸರಿಸಿ ಬೆರಳಿಟ್ಟಾಗ ತಂಪಾಗಿದ್ದರೆ ಆ ದಿನ ನೀರು ಬೇಡ. ಮಾರ್ಚ್‌ನಿಂದ ಮೇ ವರೆಗೆ ಬೆಳಗ್ಗೆ ಹತ್ತರ ಹೊತ್ತಿಗೆ ಬಳ್ಳಿ, ಕಂಬ ತೊಯ್ಯುವಂತೆ ಹನಿ ಸಿಂಪಡಿಸಿ. ಸಂಜೆ ಎಲೆ ತೋಯಿಸಬೇಡಿ. ಎಲೆಯ ಕಂಕುಳಲ್ಲಿ ರಾತ್ರಿಯಿಡೀ ನಿಂತ ನೀರೇ ಮರುವಾರದ ಕಪ್ಪು ಚುಕ್ಕೆ.

ವರ್ಷಕ್ಕೆ ಎರಡು ಸಲ ಏರಿಗೆ ಎರಡಿಂಚು ತರಗೆಲೆ, ಸೊಪ್ಪುಗೊಬ್ಬರ. ತಿಂಗಳಿಗೊಮ್ಮೆ 17:17:17 ಗೊಬ್ಬರವನ್ನು ಲೀಟರಿಗೆ 10 ಗ್ರಾಂ ಕರಗಿಸಿ ಎಲೆಗೆ ಸಿಂಪಡಿಸಿ. ಮೊದಲ ವರ್ಷ 5 ಗ್ರಾಂ ಸಾಕು.

ಮಳೆಗಾಲದ ಮೊದಲು ಮತ್ತು ನಡುವೆ ಒಮ್ಮೆ ಬೋರ್ಡೋ ಹೊಡೆಯಿರಿ. ಅಡಿಕೆಯವರಿಗೆ ಗೊತ್ತಿರುವ ಲೆಕ್ಕವೇ: 100 ಗ್ರಾಂ ಮೈಲುತುತ್ತು 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಲ್ಲಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಹೊಳೆಯುವ ಕಬ್ಬಿಣದ ಚೂರಿ ಅದ್ದಿ, ಅಲಗಿನಲ್ಲಿ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಿ. ಬೋರ್ಡೋ ಹೊಡೆದ ಮೂರು ವಾರದೊಳಗೆ ಸ್ಯೂಡೊಮೊನಾಸ್ ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲುತ್ತದೆ.

ಬುಡದ ದಂಟು ಕಂದಾಗಿ ಸೊರಗಿದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆ. ಬುಡ ಹೋದರೂ ಮೇಲಿನ ಬಳ್ಳಿ ಗಾಳಿಬೇರಿನ ಬಲದಲ್ಲಿ ಕೆಲವು ವಾರ ಹಸಿರಾಗಿಯೇ ಇರುತ್ತದೆ. ಅಷ್ಟರೊಳಗೆ ಒಳ್ಳೆಯ ದಂಟಿನ ಎರಡು ಗೆಣ್ಣು ಬಿಟ್ಟು ಮೇಲಕ್ಕೆ ಕಡಿದು, ಒಣಗಿಸಿ, ಬೇರೆ ಕಡೆ ಮತ್ತೆ ಮಲಗಿಸಿ. ಹಳೆಯ ಬುಡದ ಮಣ್ಣನ್ನು ಹೊರಗೆ ಹಾಕಿ. ಬಸವನಹುಳು ಚಿಗುರನ್ನೂ ಮೊಗ್ಗನ್ನೂ ರಾತ್ರಿ ಕತ್ತರಿಸುತ್ತದೆ. ಸಂಜೆ ಒದ್ದೆ ಗೋಣಿಯ ಅಡಿಗೆ ಪಪ್ಪಾಯಿ ಎಲೆ ಇಡಿ, ಬೆಳಗ್ಗೆ ಅಡಿಗೆ ಸೇರಿದ್ದನ್ನು ಹೆಕ್ಕಿ ಉಪ್ಪುನೀರಿಗೆ ಹಾಕಿ.

7. ಇಳಿಬಿಡುವುದು, ಹೂವಿಗೆ ತಯಾರು ಮಾಡುವುದು

ಹೂ ಬರುವುದಿಲ್ಲ ಎಂಬ ದೂರಿಗೆ ಕಾರಣ ಇಲ್ಲಿದೆ. ಮೇಲೆ ಹತ್ತುತ್ತಲೇ ಇರುವ ಬಳ್ಳಿ ಹೂ ಬಿಡುವುದಿಲ್ಲ. ಅಡ್ಡ ಪೈಪಿಗೆ ತಲುಪಿದ ಬಳ್ಳಿಯನ್ನು ಬಾಗಿಸಿ ಕೆಳಕ್ಕೆ ಇಳಿಬಿಡಬೇಕು. ಒಮ್ಮೆಲೇ ಬಾಗಿಸಿದರೆ ಸೌತೆಕಾಯಿಯಂತೆ ಮುರಿಯುತ್ತದೆ. ಮಧ್ಯಾಹ್ನ, ಬಳ್ಳಿ ಸ್ವಲ್ಪ ಮೆತ್ತಗಿರುವಾಗ ಎರಡು ದಿನದಲ್ಲಿ ಹಂತಹಂತವಾಗಿ ಬಾಗಿಸಿ. ನೆಲದಿಂದ ಒಂದಡಿ ಮೇಲೆ ಬಂದಾಗ ತುದಿಯನ್ನು ಮತ್ತೆ ಮೇಲಕ್ಕೆ ತಿರುಗಿಸಿ. ವರ್ಷಕ್ಕೆ ಒಂದು ಸುತ್ತನ್ನು ಏರಿಗೆ ತಾಗಿಸಿ ತರಗೆಲೆ ಮುಚ್ಚಿದರೆ ಹೊಸ ಬೇರು ಬರುತ್ತದೆ. ಮೊದಲ ಬುಡ ಕೊಳೆತರೂ ಬಳ್ಳಿ ಸಾಯುವುದಿಲ್ಲ.

ನಮ್ಮಲ್ಲಿ ಹೂ ಜನವರಿಯಿಂದ ಮಾರ್ಚ್. ಅದಕ್ಕೆ ಆರೆಂಟು ತಿಂಗಳು ಮೊದಲು, ಜೂನ್ ಜುಲೈಯಲ್ಲಿ ಮಳೆ ಬಿಟ್ಟ ದಿನ ನೋಡಿ ಇಳಿಬಿಟ್ಟ ಬಳ್ಳಿಯ ತುದಿ ನಾಲ್ಕು ಇಂಚು ಚಿವುಟಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ನವೆಂಬರ್ ನಡುವಿನಿಂದ ಮೊಗ್ಗು ಕಾಣುವ ತನಕ ನೀರು ಹದಿನೈದು ದಿನಕ್ಕೊಮ್ಮೆ ಮಾತ್ರ. ಆ ಬಾಯಾರಿಕೆಯೇ ಬಳ್ಳಿಗೆ ಹೂ ಬಿಡುವ ಸೂಚನೆ. ಬಯಲಿನಲ್ಲಿ ತುಲಾ ತಿಂಗಳ ಮಳೆ ನವೆಂಬರಿಗೂ ಚಾಚಿ ಈ ಬಾಯಾರಿಕೆ ಕೆಡಿಸುತ್ತದೆ. ಮಾಡು ಕಟ್ಟಿದ್ದಕ್ಕೆ ನಿಜವಾದ ಫಲ ಸಿಗುವುದು ಈ ಎರಡು ತಿಂಗಳಲ್ಲಿ. ಎಲೆ ಸ್ವಲ್ಪ ಸುಕ್ಕಾದರೆ ಹೆದರಬೇಡಿ, ಹಳದಿಯಾದರೆ ನೀರು ಕೊಡಿ. ಮೊಗ್ಗು ಕಂಡ ಕೂಡಲೇ ಹಿಂದಿನ ಲೆಕ್ಕಕ್ಕೆ ಬನ್ನಿ.

8. ಪರಾಗಸ್ಪರ್ಶ

ಮೆಕ್ಸಿಕೋದ ಕಾಡಿನಲ್ಲಿ ಈ ಕೆಲಸ ಅಲ್ಲಿಯದೇ ಜೇನುನೊಣಗಳದ್ದು. ನಮ್ಮಲ್ಲಿ ಅವಿಲ್ಲ, ಪ್ರತಿ ಹೂವನ್ನೂ ಕೈಯಿಂದ ಕೂಡಿಸಬೇಕು. ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ಗುಲಾಮಗಿರಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗ. ಅವನು ಬಳಸಿದ್ದು ಒಂದು ಕಡ್ಡಿ ಮತ್ತು ಹೆಬ್ಬೆರಳು. ನಮಗೂ ಅಷ್ಟೇ ಸಾಕು. ಹಿಡಿಸೂಡಿಯ ಕಡ್ಡಿಯೊಂದನ್ನು ಗೇಣಿಗಿಂತ ಚಿಕ್ಕದಾಗಿ ಮುರಿದು, ತುದಿಯನ್ನು ಚಪ್ಪಟೆಯಾಗಿ ಕೆತ್ತಿ ಉಜ್ಜಿ. ಚೂಪಿರಬಾರದು.

ತಿಳಿಹಸಿರು ಹಳದಿಯ ಹೂ ಮುಂಜಾನೆ ಅರಳಿ ಅದೇ ದಿನ ಬಾಡುತ್ತದೆ. ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದರೊಳಗೆ ಕೆಲಸ ಆಗಬೇಕು, ಹತ್ತರ ಒಳಗಾದರೆ ಇನ್ನೂ ಒಳ್ಳೆಯದು. ಒಂದು ಗೊಂಚಲಿನಲ್ಲಿ ಹದಿನೈದಿಪ್ಪತ್ತು ಮೊಗ್ಗು, ದಿನಕ್ಕೆ ಒಂದೋ ಎರಡೋ ಅರಳುವುದರಿಂದ ಮೂರು ವಾರ ದಿನಾ ಬೆಳಗ್ಗೆ ಮನೆಯಲ್ಲಿ ಒಬ್ಬರು ಇರಲೇಬೇಕು. ಆ ಸಮಯದಲ್ಲಿ ಪ್ರವಾಸ ಇಟ್ಟುಕೊಳ್ಳಬೇಡಿ.

ಹೂವನ್ನು ಹಿಂಬದಿಯಿಂದ ಎಡಗೈಯಲ್ಲಿ ಹಿಡಿಯಿರಿ. ನಡುವೆ ಕಹಳೆಯಂತೆ ಸುರುಳಿಯಾದ ಎಸಳೊಂದಿದೆ, ಅದನ್ನು ಕಡ್ಡಿಯಿಂದ ಉದ್ದಕ್ಕೆ ಸೀಳಿ ಕೆಳಕ್ಕೆ ಸರಿಸಿ. ಒಳಗೆ ಬಿಳಿಯ ಗಿಡ್ಡ ಕಂಬ ಕಾಣುತ್ತದೆ. ಅದರ ನೆತ್ತಿಯಲ್ಲಿ ಟೊಪ್ಪಿಯಂತಿರುವುದು ಹಳದಿ ಪರಾಗದ ಗಂಟು, ಸ್ವಲ್ಪ ಕೆಳಗೆ ಅಂಟಂಟಾಗಿ ಹೊಳೆಯುವ ಗುಳಿ ಶಲಾಕಾಗ್ರ, ಅಂದರೆ ಪರಾಗ ಸೇರಬೇಕಾದ ಜಾಗ. ಎರಡರ ನಡುವೆ ನಾಲಗೆಯಂಥ ತೆಳು ಪರದೆ. ಅದೊಂದು ಅಡ್ಡ ಇರುವುದರಿಂದಲೇ ಹೂ ತಾನಾಗಿ ಕಾಯಿ ಕಟ್ಟುವುದಿಲ್ಲ. ಕಡ್ಡಿಯ ತುದಿಯನ್ನು ಪರದೆಯ ಅಡಿಗೆ ತೂರಿಸಿ ಮೇಲಕ್ಕೆ ಎತ್ತಿ ಹಿಡಿಯಿರಿ. ಎಡಗೈ ಹೆಬ್ಬೆರಳಿನಿಂದ ಪರಾಗದ ಟೊಪ್ಪಿಯನ್ನು ಕೆಳಕ್ಕೆ ಒತ್ತಿ ಗುಳಿಗೆ ತಾಗಿಸಿ, ಹೆಬ್ಬೆರಳು ಸಡಿಲಿಸುವ ಮೊದಲು ಕಡ್ಡಿಯನ್ನು ಮೆಲ್ಲನೆ ಹಿಂದೆ ಎಳೆಯಿರಿ. ಅಂಟು ಪರಾಗವನ್ನು ಹಿಡಿದುಕೊಳ್ಳುತ್ತದೆ. ಮೊದಲ ಹತ್ತು ಹೂ ಹಾಳಾದೀತು, ಆಮೇಲೆ ಒಂದಕ್ಕೆ ಅರ್ಧ ನಿಮಿಷವೂ ಬೇಡ.

ಕೂಡಿದ ಹೂ ಒಣಗಿದರೂ ತೊಟ್ಟಿನ ತುದಿಯಲ್ಲಿ ಕಚ್ಚಿಕೊಂಡಿರುತ್ತದೆ. ಕೂಡದ್ದು ಒಂದೆರಡು ದಿನದಲ್ಲಿ ಉದುರುತ್ತದೆ.

ಗೊಂಚಲಿನ ಕೆಳಬದಿಯ ಹೂಗಳನ್ನು ಮಾತ್ರ ಆರಿಸಿ, ಕೋಡು ನೇರ ಇಳಿಯುತ್ತದೆ. ಗೊಂಚಲಿಗೆ ಎಂಟು, ಮೊದಲ ಬೆಳೆಯಲ್ಲಿ ಬಳ್ಳಿಗೆ ಐದು ಗೊಂಚಲು, ಅಷ್ಟೇ. ಎಂಟು ಕೋಡು ನಿಂತ ಮೇಲೆ ಉಳಿದ ಮೊಗ್ಗು ಚಿವುಟಿಬಿಡಿ. ಬಂದ ಹೂವನ್ನೆಲ್ಲ ಕೂಡಿಸಿದರೆ ಕೋಡು ಕಡ್ಡಿಯಂತಾಗಿ, ಬಳ್ಳಿ ಮರುವರ್ಷ ಸೊರಗುತ್ತದೆ. ಏಪ್ರಿಲ್‌ನ ಒಣ ಸೆಕೆಗೆ ಎಳೆ ಕೋಡು ಹಳದಿಯಾಗಿ ಉದುರತೊಡಗಿದರೆ ನೆರಳು ಹೆಚ್ಚಿಸಿ, ಬೆಳಗ್ಗಿನ ಹನಿ ಸಿಂಪಡಣೆ ತಪ್ಪಿಸಬೇಡಿ.

9. ಕೊಯ್ಲು ಮತ್ತು ಹದ

ಆರು ವಾರದಲ್ಲಿ ಕೋಡು ಪೂರ್ತಿ ಉದ್ದವಾಗುತ್ತದೆ. ಬಲಿತಿದೆ ಎಂದು ಮೋಸಹೋಗಬೇಡಿ, ಒಳಗೆ ಇನ್ನೂ ಏನೂ ಆಗಿರುವುದಿಲ್ಲ. ನವೆಂಬರ್ ನಂತರ ಕೆಳತುದಿ ತಿಳಿ ಹಳದಿಗೆ ತಿರುಗಿದ ಕೋಡನ್ನು ಮಾತ್ರ ಒಂದೊಂದಾಗಿ ಕೊಯ್ಯಿರಿ. ನಾಲ್ಕು ದಿನ ತಡವಾದರೆ ತುದಿ ಸೀಳುತ್ತದೆ.

ಹಸಿ ಕೋಡಿಗೆ ಪರಿಮಳ ಇಲ್ಲ. 63ರಿಂದ 65 ಡಿಗ್ರಿ ಬಿಸಿನೀರಲ್ಲಿ ಮೂರು ನಿಮಿಷ ಅದ್ದಿ ತೆಗೆಯಬೇಕು. ಥರ್ಮೋಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, 70 ದಾಟಿದರೆ ಕೋಡು ಬೆಂದು ಹೋಗುತ್ತದೆ. ನೀರು ಬಸಿದು ಬಿಸಿ ಇರುವಾಗಲೇ ಕಂಬಳಿಯಲ್ಲಿ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಎರಡು ದಿನ ಮುಚ್ಚಿಡಿ. ಬೆವರಿ ಚಾಕೊಲೇಟ್ ಬಣ್ಣಕ್ಕೆ ಬಂದಿರುತ್ತದೆ. ಆಮೇಲೆ ಏಳರಿಂದ ಹತ್ತು ದಿನ, ಮಧ್ಯಾಹ್ನ ಎರಡು ಗಂಟೆ ಕರಿ ಬಟ್ಟೆಯ ಮೇಲೆ ಬಿಸಿಲಿಗೆ ಹರವಿ, ಕೈಗೆ ಬಿಸಿ ತಾಗುವಾಗಲೇ ಮತ್ತೆ ಕಂಬಳಿಗೆ ಸುತ್ತಿ ಪೆಟ್ಟಿಗೆಗೆ. ಅಡಿಕೆಯಂತೆ ಅಂಗಳದಲ್ಲಿ ದಿನವಿಡೀ ಬಿಟ್ಟರೆ ಎಣ್ಣೆ ಆರಿ ಕಡ್ಡಿಯಾಗುತ್ತದೆ. ಮುಂದಿನ ಮೂರು ನಾಲ್ಕು ವಾರ ನೆರಳಲ್ಲಿ, ಗಾಳಿಯಾಡುವ ತಟ್ಟಿಯ ಮೇಲೆ. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳಬೇಕು, ಹೊರಮೈ ಎಣ್ಣೆ ಸವರಿದಂತೆ ಹೊಳೆಯಬೇಕು. ಅದೇ ಹದ.

ಕೊನೆಗೆ ಹತ್ತಿಪ್ಪತ್ತು ಕೋಡಿಗೆ ಒಂದು ಕಟ್ಟು ಮಾಡಿ, ಬಟರ್ ಪೇಪರಿನಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ತಿಂಗಳು ಕತ್ತಲಲ್ಲಿಡಿ. ವಾರಕ್ಕೊಮ್ಮೆ ತೆರೆದು ನೋಡಲೇಬೇಕು. ಮೈಮೇಲೆ ಬಿಳಿ ಕಂಡರೆ ಬೆಳಕಿಗೆ ಹಿಡಿಯಿರಿ. ಸೂಜಿಯಂತೆ ಮಿನುಗಿದರೆ ಅದು ವೆನಿಲಿನ್, ಪರಿಮಳದ ಸಾರವೇ ಹರಳುಗಟ್ಟಿದ್ದು. ಮಂಕಾಗಿ ಹತ್ತಿಯಂತಿದ್ದು ಮುಗ್ಗುಲು ವಾಸನೆ ಬಂದರೆ ಬೂಷ್ಟು. ಆ ಕೋಡನ್ನು ಎಸೆದು, ಪಕ್ಕದವನ್ನು ಸ್ಪಿರಿಟ್ ಹಾಕದೆ ಒಣ ಬಟ್ಟೆಯಲ್ಲಿ ಒರಸಿ, ಎರಡು ದಿನ ತಟ್ಟಿಯ ಮೇಲೆ ಆರಲು ಬಿಟ್ಟು, ಬೇರೆ ಕಾಗದದಲ್ಲಿ ಸುತ್ತಿಡಿ.